ಠುಸ್ ಮೇಷ್ಟ್ರ ಎಲೆ ಪ್ರಯೋಗ

ನಮ್ಮ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರಿಗೆ ಅಪ್ಪ ಅಮ್ಮ ಇಟ್ಟ ಒಳ್ಳೆಯ ಹೆಸರೊಂದಿದೆ. ಅದು ಇರುವುದು ಹಾಜರಿ ಪುಸ್ತಕದಲ್ಲಿ ಮಾತ್ರ. ಗೇಟಿನ ಕಾವಲುಗಾರನಿಂದ ಹಿಡಿದು ನಿನ್ನೆ ಮೊನ್ನೆ ಎಂಟನೇ ಕ್ಲಾಸಿಗೆ ಸೇರಿದ ಮಕ್ಕಳವರೆಗೆ ಎಲ್ಲರಿಗೂ ಅವರು ಠುಸ್ ಮೇಷ್ಟ್ರು. ಅವರು ಮಾಡಿ ತೋರಿಸಿದ ಪ್ರಯೋಗ ಮೊದಲ ಸಲಕ್ಕೆ ಸರಿಯಾಗಿ ಬಂದದ್ದನ್ನು ಕಂಡವರಿಲ್ಲ. ಇದು ಚಾಡಿ ಮಾತಲ್ಲ. ಹತ್ತೊಂಬತ್ತು ವರ್ಷದಿಂದ ಅವರ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆದು, ಒರೆಸಿ, ಜೋಡಿಸಿ ಕೊಡುತ್ತಿರುವವಳು ನಾನು. ಮಕ್ಕಳ ಬಾಯಲ್ಲಿ ಲ್ಯಾಬಮ್ಮ. ಒಡೆದ ಬೀಕರುಗಳ ಚೂರು ಗುಡಿಸಿದವಳೂ ನಾನೇ. ಸಾಕ್ಷಿ ಹೇಳುವ ಹಕ್ಕು ನನಗಲ್ಲದೆ ಇನ್ಯಾರಿಗಿದೆ?

ಆ ಹೆಸರು ಬಂದದ್ದು ಅವರು ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ. ಸತುವಿನ ಚೂರಿಗೆ ಆಮ್ಲ ಹಾಕಿ, ಮೇಲೇಳುವ ಜಲಜನಕವನ್ನು ಪ್ರನಾಳದಲ್ಲಿ ಹಿಡಿದು, ಅದರ ಬಾಯಿಗೆ ಉರಿಯುವ ಕಡ್ಡಿ ತಂದರೆ ‘ಟಪ್’ ಎಂದು ಸದ್ದಾಗಬೇಕು. ಮೇಷ್ಟ್ರು ಪ್ರನಾಳವನ್ನು ಒಂದು ಕೈಯಲ್ಲೂ ಕಡ್ಡಿಯನ್ನು ಇನ್ನೊಂದು ಕೈಯಲ್ಲೂ ಹಿಡಿದುಕೊಂಡು, ಜಲಜನಕ ಎಷ್ಟು ಹಗುರ, ಸ್ವಲ್ಪ ಸಂದಿ ಸಿಕ್ಕರೂ ಹೇಗೆ ಮೇಲೆ ಹಾರಿಹೋಗುತ್ತದೆ ಎಂದು ಕಣ್ಣರಳಿಸಿ ವರ್ಣಿಸುತ್ತ ನಿಂತರು. ವರ್ಣನೆ ಮುಗಿಯುವಷ್ಟರಲ್ಲಿ ಜಲಜನಕ ಹಾರಿಹೋಗಿತ್ತು. ಕಡ್ಡಿ ಹತ್ತಿರ ತಂದರೆ ಒದ್ದೆ ಗಾಜಿಗೆ ತಾಗಿ ‘ಠುಸ್’ ಎಂದು ಆರಿತು. ಹಿಂದಿನ ಬೆಂಚಿನಿಂದ ಯಾರೋ ಆ ಸದ್ದನ್ನು ಇನ್ನಷ್ಟು ಜೋರಾಗಿ ಮಾಡಿ ತೋರಿಸಿದರು. ಹೆಸರು ಅಂಟಿಕೊಂಡಿತು.

ಬೇರೆ ಮೇಷ್ಟ್ರಾಗಿದ್ದರೆ ಆ ಹಿಂದಿನ ಬೆಂಚನ್ನೇ ಎಬ್ಬಿಸಿ ಹೊರಗೆ ನಿಲ್ಲಿಸುತ್ತಿದ್ದರು. ಇವರು ಆರಿದ ಕಡ್ಡಿಯನ್ನು ಒಂದು ಗಳಿಗೆ ನೋಡಿ, “ಯಾಕೆ ಬರಲಿಲ್ಲ? ಯಾರಾದ್ರೂ ಹೇಳ್ತೀರಾ?” ಎಂದು ಕೇಳಿದರು.

ಮುಂದಿನ ಸಾಲಿನ ಹುಡುಗಿಯೊಬ್ಬಳು ಹೆದರುತ್ತ ಎದ್ದು, “ಸರ್, ನೀವು ಮಾತಾಡ್ತಾ ಇದ್ರಿ. ಅದು ಕಾದು ಕಾದು ಹೊರಟುಹೋಯ್ತು” ಅಂದಳು.

ಮೇಷ್ಟ್ರ ಮುಖ ಅರಳಿದ್ದನ್ನು ನೋಡಬೇಕಿತ್ತು. “ಭೇಷ್! ನಾಳೆ ನೀನೇ ಮಾಡು. ನಾನು ಕೈಕಟ್ಟಿಕೊಂಡು ನಿಲ್ತೀನಿ” ಅಂದರು. ಮರುದಿನ ಅವಳು ಮಾಡಿದಳು. ಮೇಷ್ಟ್ರು ಮಾತು ತಪ್ಪದೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು. ‘ಟಪ್’ ಎಂದಾಗ ಇಡೀ ಕ್ಲಾಸು ಬೆಂಚು ಬಡಿಯಿತು.

ಅಲ್ಲಿಂದ ಶುರುವಾದದ್ದು ಠುಸ್ ಪುಸ್ತಕ. ಗಟ್ಟಿ ರಟ್ಟಿನ ಉದ್ದನೆಯ ಪುಸ್ತಕ, ತಕ್ಕಡಿಯ ಪಕ್ಕದಲ್ಲಿ ಅದರ ಜಾಗ. ಕೆಟ್ಟ ಪ್ರತಿಯೊಂದು ಪ್ರಯೋಗಕ್ಕೂ ಅದರಲ್ಲಿ ತಾರೀಕು, ಏನಾಯಿತು, ಯಾಕಾಯಿತು ಎಂದು ಮಕ್ಕಳೇ ಬರೆಯಬೇಕು. ಸರಿಯಾದ ಕಾರಣ ಹಿಡಿದವರು ಮರುದಿನ ಆ ಪ್ರಯೋಗವನ್ನು ತಮ್ಮ ಕೈಯಾರೆ ಮಾಡಬಹುದು. ಇನ್ನೇನು ಬೇಕು? ನಮ್ಮ ಮಕ್ಕಳು ಪ್ರಯೋಗ ಕೆಡಲಿ ಎಂದೇ ಕಾದು ಕೂರುವವರಾದರು. ಮೇಣದಬತ್ತಿ ಆರಬೇಕಾದಾಗ ಆರದಿದ್ದರೆ, ಸುಣ್ಣದ ತಿಳಿನೀರು ಹಾಲಾಗಬೇಕಾದಾಗ ಆಗದಿದ್ದರೆ, ಅವರ ಕಣ್ಣು ಬೆಕ್ಕಿನ ಕಣ್ಣಾಗುತ್ತಿತ್ತು.

ನನಗೆ ಮಾತ್ರ ಇದು ಸೇರುತ್ತಿರಲಿಲ್ಲ. ಒಳ್ಳೆಯ ಮಾತಿನಲ್ಲಿ ಹೇಳುತ್ತೇನೆ, ಮೈ ಉರಿಯುತ್ತಿತ್ತು. ಬೆಳಿಗ್ಗೆ ಎದ್ದು ಬಂದು, ಪ್ರತಿ ಪ್ರನಾಳವನ್ನೂ ಬೆಳಕಿಗೆ ಹಿಡಿದು ನೋಡಿ, ಕಲೆಯಿಲ್ಲದಂತೆ ತೊಳೆದು ಇಟ್ಟವಳು ನಾನು. ಅದು ಠುಸ್ ಎಂದರೆ ನನ್ನ ಅಡುಗೆಗೆ ಉಪ್ಪಿಲ್ಲ ಎಂದ ಹಾಗಾಗುತ್ತಿತ್ತು. ಪಕ್ಕದ ಶಾಲೆಯ ಲ್ಯಾಬಿನವಳು ಸಂತೆಯಲ್ಲಿ ಸಿಕ್ಕಾಗ, “ಏನಮ್ಮ, ನಿಮ್ಮ ಸರ್ ಇವತ್ತೇನು ಕೆಡಿಸಿದ್ರು?” ಎಂದು ಕೇಳಿದರೆ ತರಕಾರಿ ಚೀಲವನ್ನು ಅವಳ ಕಾಲ ಮೇಲೆ ಹಾಕಬೇಕು ಅನ್ನಿಸುತ್ತಿತ್ತು.

ಒಮ್ಮೆ ತಡೆಯಲಾರದೆ ಕೇಳಿಯೂಬಿಟ್ಟೆ. “ಮೇಷ್ಟ್ರೇ, ಹಿಂದಿನ ದಿನ ನಾವಿಬ್ರೇ ಒಂದು ಸಲ ಮಾಡಿ ನೋಡಿಕೊಂಡ್ರೆ ಆಗಲ್ವಾ? ಮಕ್ಕಳ ಮುಂದೆ ಮರ್ಯಾದೆ ಉಳಿಯುತ್ತೆ.”

ಅವರು ಚಾಕ್ ಪುಡಿಯ ಕೈಯನ್ನು ಪ್ಯಾಂಟಿಗೆ ಒರೆಸುತ್ತ, “ನಾನು ಓದಿದ ಸ್ಕೂಲಲ್ಲಿ ಒಂದು ಗಾಜಿನ ಬೀರು ಇತ್ತು, ಇವರೇ. ಅದಕ್ಕೆ ಬೀಗ. ಒಳಗೆ ಚಂದ ಚಂದದ ಸಾಮಾನು. ಮೂರು ವರ್ಷ ಹೊರಗಿಂದ ನೋಡಿದೆ. ನಮ್ಮ ಮೇಷ್ಟ್ರು ಬೋರ್ಡ್ ಮೇಲೆ ಚಿತ್ರ ಬರೆದು ಕೆಳಗೆ ‘ಪ್ರಯೋಗ ಯಶಸ್ವಿ’ ಅಂತ ಬರೀತಿದ್ರು. ಒಂದು ಸಲಾನೂ ಕೆಡಲಿಲ್ಲ ನೋಡಿ ಅವರ ಪ್ರಯೋಗ” ಎಂದು ನಕ್ಕರು. ಅದಾದ ಮೇಲೆ ನಾನು ಆ ಮಾತು ಎತ್ತಲಿಲ್ಲ. ಮೈ ಉರಿಯುವುದು ಮಾತ್ರ ನಿಲ್ಲಲಿಲ್ಲ.

ಮನೆಯಲ್ಲೂ ಅವರ ಕಥೆ ಅಷ್ಟೇ. ಅವರ ಹೆಂಡತಿ ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಾರೆ, ತೂಕದ ಮಾತಿನ ಹೆಂಗಸು. “ನಮ್ಮನೇಲಿ ಬಲ್ಬ್ ಬದಲಾಯಿಸೋದು ನಾನು. ಇವರು ಕೆಳಗೆ ನಿಂತು ಬಲ್ಬ್ ಯಾಕೆ ಉರಿಯುತ್ತೆ ಅಂತ ಹೇಳ್ತಾರೆ” ಎಂದು ಅವರೇ ಒಮ್ಮೆ ನನ್ನ ಹತ್ತಿರ ಹೇಳಿದ್ದರು. ಹಾಗೆ ಹೇಳುವಾಗ ಅವರ ಮುಖದಲ್ಲಿ ಬೇಸರವೇನೂ ಇರಲಿಲ್ಲ.

ಇರಲಿ. ಇಷ್ಟು ವರ್ಷ ಹೇಗೋ ನಡೆದದ್ದು ಈ ವರ್ಷ ನನ್ನ ಕೊರಳಿಗೇ ಬಂತು.

ನಮ್ಮದು ಹತ್ತನೇ ಕ್ಲಾಸಿನವರೆಗಿನ ಶಾಲೆ. ಮುಂದೆ ವಿಜ್ಞಾನ ಓದಬೇಕೆಂದರೆ ಎರಡು ಬಸ್ಸು ಬದಲಾಯಿಸಿ ಹೋಗಬೇಕು, ಒಂದು ಕಡೆಗೇ ಒಂದೂಮುಕ್ಕಾಲು ಗಂಟೆ. ನಮ್ಮಲ್ಲೇ ಹನ್ನೊಂದು, ಹನ್ನೆರಡನೇ ಕ್ಲಾಸಿನ ವಿಜ್ಞಾನ ವಿಭಾಗ ತೆರೆಯಲು ಹೆಡ್‌ಮಿಸ್ಟ್ರೆಸ್ ಅರ್ಜಿ ಹಾಕಿದ್ದರು. ಅವರನ್ನು ನಾವೆಲ್ಲ ಕರೆಯುವುದು ದೊಡ್ಡ ಮೇಡಂ ಎಂದು. ಇಲಾಖೆಯಿಂದ ಒಬ್ಬ ಅಧಿಕಾರಿ ಬಂದು, ಪ್ರಯೋಗಾಲಯ ನೋಡಿ, ಒಂದು ಪಾಠ ಕೇಳಿ, ಒಪ್ಪಿಗೆ ಕೊಡುವುದೋ ಬಿಡುವುದೋ ತೀರ್ಮಾನಿಸುತ್ತಾರೆ ಎಂದು ಕಾಗದ ಬಂತು.

ನನ್ನ ಒಬ್ಬಳೇ ಮಗಳು ಈ ವರ್ಷ ಹತ್ತನೇ ಕ್ಲಾಸು. ಮನೆಯಲ್ಲಿ ನಾವು ಅವಳನ್ನು ಚೂಟಿ ಎಂದು ಕರೆಯುತ್ತೇವೆ. ಠುಸ್ ಪುಸ್ತಕದ ಈಚಿನ ಮೂರು ವರ್ಷದ ಪುಟಗಳಲ್ಲಿ ಅರ್ಧ ಅವಳದೇ ಕೈಬರಹ. ಅವಳಿಗೆ ವಿಜ್ಞಾನ ಬಿಟ್ಟು ಬೇರೆ ಓದುವ ಯೋಚನೆಯೇ ಇರಲಿಲ್ಲ. ಅವಳಪ್ಪ ದರ್ಜಿ, ಮಾತು ಕಡಿಮೆ, ಆಡಿದರೆ ಕತ್ತರಿ ಹಾಕಿದ ಹಾಗೆ. “ಇಲ್ಲೇ ಕ್ಲಾಸ್ ಶುರುವಾದ್ರೆ ಸೈನ್ಸ್ ಓದಲಿ. ಇಲ್ಲ ಅಂದ್ರೆ ಊರಿನ ಕಾಲೇಜಲ್ಲಿ ಇರೋ ಆರ್ಟ್ಸೇ ಓದಲಿ. ಎರಡು ಬಸ್ಸು ಬದಲಾಯಿಸ್ಕೊಂಡು, ನಿಂತ್ಕೊಂಡು ಹೋಗಿ, ಕತ್ತಲಾದ ಮೇಲೆ ಬರೋದು ನನಗೆ ಒಪ್ಪಿಗೆ ಇಲ್ಲ” ಅಂದುಬಿಟ್ಟರು. ಮಗಳು ತಟ್ಟೆ ಬಿಟ್ಟು ಎದ್ದಳು. ನಾನು ಎರಡು ದಿನ ಅವರೊಡನೆ ಮಾತು ಬಿಟ್ಟೆ. ಅವರು ಕದಲಲಿಲ್ಲ. ಹೀಗೆ ನನ್ನ ಮಗಳ ಮುಂದಿನ ಓದು ಹೋಗಿ ಹೋಗಿ ಠುಸ್ ಮೇಷ್ಟ್ರ ಒಂದು ಪಾಠದ ಮೇಲೆ ನಿಂತಿತು.

ದೊಡ್ಡ ಮೇಡಂ ಪ್ರಯೋಗಾಲಯಕ್ಕೇ ಬಂದು ಕೈ ಮುಗಿದರು. “ಮೇಷ್ಟ್ರೇ, ಆ ದಿನ ಅಯಸ್ಕಾಂತದ ಪ್ರಯೋಗ ಮಾಡಿ. ಅಯಸ್ಕಾಂತ ಕಬ್ಬಿಣ ಎಳೆಯದೆ ಎಲ್ಲಿಗೆ ಹೋಗುತ್ತೆ?”

“ಈ ವಾರದ ಪಾಠ ಎಲೆ ಆಹಾರ ತಯಾರಿಸೋದು, ಮೇಡಂ. ನೋಡೋಕೆ ಬಂದವರಿಗೋಸ್ಕರ ಪಾಠ ಬದಲಾಯಿಸಿದ್ರೆ ಮಕ್ಕಳಿಗೆ ಗೊತ್ತಾಗಲ್ವಾ?”

“ಎಲೆ ಪ್ರಯೋಗಾನಾ!” ಎಂದು ದೊಡ್ಡ ಮೇಡಂ ಕುರ್ಚಿ ಹುಡುಕಿ ಕೂತರು.

ಅವರ ಗಾಬರಿಗೆ ಕಾರಣವಿತ್ತು. ಠುಸ್ ಪುಸ್ತಕದಲ್ಲಿ ಮಕ್ಕಳಿಗೂ ಕಾರಣ ಸಿಗದೆ ಉಳಿದಿದ್ದ ಪ್ರಯೋಗ ಅದೊಂದೇ. ಬಿಸಿಲು ಬಿದ್ದರೆ ಎಲೆ ತನ್ನೊಳಗೆ ಪಿಷ್ಟ ತಯಾರಿಸುತ್ತದೆ. ಪಿಷ್ಟ ಇರುವ ಕಡೆ ಅಯೋಡಿನ್ ಹಾಕಿದರೆ ಕಡುನೀಲಿ ಬಣ್ಣ ಬರುತ್ತದೆ. ಇದನ್ನು ತೋರಿಸಲು ಕುಂಡದ ದಾಸವಾಳವನ್ನು ಮೊದಲು ಎರಡು ದಿನ ಕತ್ತಲೆಯ ಬೀರುವಿನಲ್ಲಿ ಇಡಬೇಕು, ಎಲೆಯೊಳಗಿನ ಹಳೆಯ ಪಿಷ್ಟವೆಲ್ಲ ಖರ್ಚಾಗಲಿ ಎಂದು. ಆಮೇಲೆ ಒಂದು ಎಲೆಯ ನಡುವಿಗೆ ಕಪ್ಪು ಕಾಗದದ ಪಟ್ಟಿ ಸಿಕ್ಕಿಸಿ ಗಿಡವನ್ನು ಮೂರು ಗಂಟೆ ಬಿಸಿಲಿಗಿಡಬೇಕು. ಆ ಎಲೆ ಕಿತ್ತು, ನೀರಲ್ಲಿ ಕುದಿಸಿ, ಸ್ಪಿರಿಟ್ಟಿನಲ್ಲಿ ಹಸಿರು ತೆಗೆದು, ಅಯೋಡಿನ್ ಹಾಕಿದರೆ ಬಿಸಿಲು ಕಂಡ ಭಾಗ ನೀಲಿಯಾಗಿ, ಪಟ್ಟಿ ಇದ್ದ ಜಾಗ ಅಯೋಡಿನ್ನಿನ ಕಂದು ಬಣ್ಣದಲ್ಲೇ ಉಳಿಯಬೇಕು. ನಮ್ಮಲ್ಲಿ ಪ್ರತಿ ವರ್ಷ ಪಟ್ಟಿಯ ಜಾಗವೂ ನೀಲಿಯಾಗುತ್ತಿತ್ತು. ಮಕ್ಕಳು ಕಾಗದ ತೆಳ್ಳಗಾಯಿತು ಎಂದು ಬರೆದರು, ದಪ್ಪ ಕಾಗದ ಹಾಕಿದರು, ನೀಲಿ. ಕ್ಲಿಪ್ಪು ಸಡಿಲ ಎಂದರು, ಬಿಗಿ ಮಾಡಿದರು, ನೀಲಿ. ಹತ್ತೊಂಬತ್ತು ವರ್ಷ, ಹತ್ತೊಂಬತ್ತು ಕಾರಣ, ಎಲ್ಲವೂ ನೀಲಿ.

ತಪಾಸಣೆಯ ದಿನ ನಾನು ಏಳು ಗಂಟೆಗೇ ಶಾಲೆಗೆ ಹೋದೆ. ನೆಲ ಒರೆಸಿದೆ, ಗಾಜು ಉಜ್ಜಿದೆ, ಗಿಡಕ್ಕೆ ನೀರು ಹಾಕಿದೆ. ಒಂಬತ್ತಕ್ಕೆ ಮೇಷ್ಟ್ರು ಬಂದು ಎಲೆಗೆ ಕಪ್ಪು ಪಟ್ಟಿ ಸಿಕ್ಕಿಸಿ ಗಿಡವನ್ನು ಅಂಗಳದ ಬಿಸಿಲಿಗೆ ಇಟ್ಟರು. ಬೆಳಗಿನಿಂದ ಸೋಪಿನ ನೀರಲ್ಲಿ ಅದ್ದಿದ ಕೈ ಉರಿಯುತ್ತಿತ್ತು ಎಂದು ಸೆರಗಿನ ಗಂಟಿನಲ್ಲಿದ್ದ ಮುಲಾಮಿನ ಡಬ್ಬಿ ತೆಗೆದೆ. ಬಿರುಕು ಬಿಟ್ಟ ಬೆರಳಿಗೆ ಹಚ್ಚುವ ಜಿಡ್ಡಿನ ಮುಲಾಮು, ಹಚ್ಚಿದರೆ ಅರ್ಧ ದಿನ ಕೈಗೆ ನೀರು ಅಂಟುವುದಿಲ್ಲ. ನೀರು ಅಂಟುವುದಿಲ್ಲ ಎಂದರೆ ಅಯೋಡಿನ್ನೂ ಅಂಟುವುದಿಲ್ಲ ಅಲ್ಲವೇ ಎಂದು ಒಂದು ಯೋಚನೆ ಬಂತು. ಹತ್ತೊಂಬತ್ತು ವರ್ಷ ವಿಜ್ಞಾನದ ಪಾಠವನ್ನು ಬಾಗಿಲ ಬಳಿ ನಿಂತು ಕೇಳಿದ್ದರ ಫಲ ಇದು, ಇನ್ನೇನು ಹೇಳಲಿ.

ಹನ್ನೆರಡಕ್ಕೆ ಪಾಠ. ಬಂದ ಅಧಿಕಾರಿ ನಿವೃತ್ತಿಯ ಅಂಚಿನಲ್ಲಿದ್ದ ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿದ್ದರು. ನಗಲಿಲ್ಲ, ಗದರಲೂ ಇಲ್ಲ. ಬರೆಯುವ ಹಲಗೆ ಹಿಡಿದು ಕಿಟಕಿಯ ಪಕ್ಕ ಕೂತರು. ಮೇಷ್ಟ್ರು ಎಲೆ ಕುದಿಸಿದರು, ಸ್ಪಿರಿಟ್ಟಿನಲ್ಲಿ ಹಸಿರು ತೆಗೆದರು, ಮಾತಾಡುತ್ತಲೇ ಇದ್ದರು. ಬಿಳಿಚಿದ ಎಲೆಯನ್ನು ಬಿಸಿನೀರಿನಲ್ಲಿ ಜಾಲಿಸಿ ಬಿಳಿ ಟೈಲ್ ಮೇಲೆ ಹರಡುವುದು ಯಾವಾಗಲೂ ನನ್ನ ಕೆಲಸ. ಮೂಲೆಯ ಸಿಂಕಿನ ಬಳಿ, ಎಲ್ಲರಿಗೂ ಬೆನ್ನು ಮಾಡಿ ನಿಂತು, ಜಾಲಿಸಿದೆ, ಒತ್ತಿ ಒರೆಸಿದೆ, ಪಟ್ಟಿ ಇದ್ದ ಜಾಗಕ್ಕೆ ಎರಡೂ ಬದಿ ಮುಲಾಮು ತೆಳ್ಳಗೆ ಸವರಿದೆ. ಪಟ್ಟಿಯ ಗಡಿ ಎಲೆಯ ಮೇಲೆ ಕ್ಲಿಪ್ಪಿನ ಗುರುತಿನಿಂದ ಚೆನ್ನಾಗಿ ಕಾಣುತ್ತಿತ್ತು. ಕೂದಲೆಳೆಯಷ್ಟೂ ಗಡಿ ದಾಟಲಿಲ್ಲ. ಆ ಕೆಲಸದಲ್ಲಿ ಮಾತ್ರ ನಾನು ಯಾರಿಗೂ ಕಡಿಮೆಯಲ್ಲ.

ಮೇಷ್ಟ್ರು ಅಯೋಡಿನ್ ಹನಿಸಿದರು. ಎಲೆ ನಿಧಾನವಾಗಿ ನೀಲಿಯಾಗುತ್ತ ಬಂತು, ಎರಡೂ ತುದಿ ಕಡುನೀಲಿ. ನಡುವಿನ ಪಟ್ಟಿ ಬಿಳಿಚಿಕೊಂಡು ಹಾಗೇ ಉಳಿಯಿತು. ಪಠ್ಯಪುಸ್ತಕದ ಚಿತ್ರವೂ ಅಷ್ಟು ಚಂದವಿಲ್ಲ.

“ಬಂತು” ಅಂದರು ಮೇಷ್ಟ್ರು. ಇನ್ನೊಮ್ಮೆ, “ಬಂತಲ್ಲ!” ಅಂದರು.

ಅದರ ಮುಂದಿನದನ್ನು ನಾನು ಎಣಿಸಿರಲಿಲ್ಲ. ಮೇಷ್ಟ್ರಿಗೆ ಮುಂದೆ ಏನು ಹೇಳಬೇಕೆಂದೇ ತೋಚಲಿಲ್ಲ. ಹತ್ತೊಂಬತ್ತು ವರ್ಷ ಕೆಟ್ಟ ಜಾಗದಿಂದ ಪಾಠ ಶುರು ಮಾಡಿದ ಮನುಷ್ಯ, ಸರಿ ಬಂದ ಎಲೆಯ ಮುಂದೆ ದಾರಿ ತಪ್ಪಿದವರ ಹಾಗೆ ನಿಂತುಬಿಟ್ಟರು. ಚಾಕ್ ಎತ್ತಿಕೊಂಡರು, ಕೆಳಗಿಟ್ಟರು. ತಪಾಸಣೆಯ ಮೇಡಂ ಗಡಿಯಾರ ನೋಡಿದರು. ಹಿಂದಿನ ಗೋಡೆಗೆ ಒರಗಿದ್ದ ದೊಡ್ಡ ಮೇಡಂ ಮಾತ್ರ ಏನೂ ಅರಿಯದೆ ಸಂತೋಷದಿಂದ ತಲೆದೂಗುತ್ತಿದ್ದರು.

ಮಕ್ಕಳಿಗಂತೂ ನಂಬಿಕೆಯೇ ಬರಲಿಲ್ಲ. ಗುಸುಗುಸು ಎದ್ದಿತು. ಒಬ್ಬೊಬ್ಬರೇ ಎದ್ದು ಮೇಜಿನ ಸುತ್ತ ನೆರೆದರು. ಗೆದ್ದ ಪ್ರಯೋಗವನ್ನು ಅಷ್ಟು ಅನುಮಾನದಿಂದ ನೋಡುವ ಮಕ್ಕಳು ಭೂಮಿಯ ಮೇಲೆ ಬೇರೆಲ್ಲೂ ಇರಲಾರರು.

“ಸರ್, ಒಂದು ನಿಮಿಷ.” ಆ ದನಿ ಚೂಟಿಯದು. “ಅಯೋಡಿನ್ ಈ ಪಟ್ಟಿ ಮೇಲೆ ನಿಲ್ತಾನೇ ಇಲ್ಲ ನೋಡಿ. ಹನಿ ಹನಿಯಾಗಿ ಪಕ್ಕಕ್ಕೆ ಉರುಳ್ತಿದೆ. ಎಲೆ ಅದನ್ನ ಕುಡಿದೇ ಇಲ್ಲ.”

ಅವಳು ಬೆರಳಲ್ಲಿ ಪಟ್ಟಿಯನ್ನು ಮುಟ್ಟಿದಳು. ಬೆರಳನ್ನು ಹೆಬ್ಬೆರಳಿಗೆ ಉಜ್ಜಿದಳು. ಮೂಗಿಗೆ ಹಿಡಿದಳು.

ಆ ಮುಲಾಮಿನ ವಾಸನೆ ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. ಅದೇ ಕೈಯಲ್ಲಿ ಅವಳಿಗೆ ತಲೆ ಬಾಚಿದ್ದೇನೆ, ತುತ್ತು ಕೊಟ್ಟಿದ್ದೇನೆ. ಅವಳು ತಲೆಯೆತ್ತಿ ಸೀದಾ ನನ್ನ ಮುಖ ನೋಡಿದಳು. ಸುಮ್ಮನಿದ್ದುಬಿಡು ಕಣೇ ಎಂದು ನನ್ನ ಕಣ್ಣು ಅಂಗಲಾಚಿರಬೇಕು. ಒಂದು ಕ್ಷಣ ಅವಳೂ ತಡೆದಳು. ಆಮೇಲೆ ಮೇಷ್ಟ್ರ ಕಡೆ ತಿರುಗಿ, “ಸರ್, ಇದಕ್ಕೆ ಮುಲಾಮು ಹಚ್ಚಿದೆ” ಅಂದಳು. ಅವಳ ದನಿ ಸಣ್ಣಗಾಗಿತ್ತು.

“ಯಾರು?” ಎಂದು ಕೇಳಿದವರು ತಪಾಸಣೆಯ ಮೇಡಂ.

ಅಮ್ಮನ ಹೆಸರು ಹೇಳುವ ಪಾಡು ಮಗಳಿಗೆ ಬೇಡ ಎಂದು ನಾನೇ ಮುಂದೆ ಬಂದೆ. “ನಾನು ಮೇಡಂ. ಮೇಷ್ಟ್ರಿಗೆ ಏನೂ ಗೊತ್ತಿಲ್ಲ. ಒಂದು ಸಲ ಆದ್ರೂ ಗೆಲ್ಲಲಿ ಅಂತ ಹಚ್ಚಿದೆ.”

ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸಿತು. ನೆಲ ಹಾಗೇ ಇತ್ತು, ಬೆಳಿಗ್ಗೆ ನಾನೇ ಒರೆಸಿದ್ದು. ದೊಡ್ಡ ಮೇಡಂ ಕಣ್ಣು ಮುಚ್ಚಿಕೊಂಡರು. ಆದರೆ ಮೇಷ್ಟ್ರಿಗೆ ಜೀವ ಬಂದಿತ್ತು. “ಸೋಪು ಹಾಕಿ ತೊಳೀರಿ ಅದನ್ನ. ಮತ್ತೆ ಹಾಕೋಣ. ಈ ಸಲ ಎಲ್ಲರೂ ಹತ್ತಿರ ಬನ್ನಿ” ಅಂದರು.

ಎಲೆ ತೊಳೆದದ್ದು ಚೂಟಿ. ನನಗೆ ಯಾರೂ ಕೊಡಲಿಲ್ಲ. ಅಯೋಡಿನ್ ಬಿದ್ದ ಅರ್ಧ ನಿಮಿಷಕ್ಕೆ ನಡುವಿನ ಪಟ್ಟಿಯೂ ಮೆಲ್ಲಗೆ ಕಡುನೀಲಿಗೆ ತಿರುಗಿತು. ನಲವತ್ತು ಮಕ್ಕಳು, ಎದುರಿಗೆ ಇಲಾಖೆಯ ಅಧಿಕಾರಿ ಕೂತಿದ್ದಾರೆ ಎಂಬುದನ್ನೂ ಮರೆತು, ಒಂದೇ ದನಿಯಲ್ಲಿ “ಠುಸ್!” ಎಂದು ಕೂಗಿದರು.

“ಯಾಕೆ?” ಎಂದರು ಮೇಷ್ಟ್ರು, ಎರಡೂ ಕೈ ಉಜ್ಜಿಕೊಳ್ಳುತ್ತ.

ಕಾರಣಗಳು ಬಂದವು. ಕಾಗದ ತೆಳ್ಳಗೆ ಎಂದೊಬ್ಬರು, ಅದನ್ನು ಹಿಂದಿನ ವರ್ಷವೇ ನೋಡಿ ಆಗಿದೆ ಎಂದು ಇನ್ನೊಬ್ಬರು ಠುಸ್ ಪುಸ್ತಕ ತೆರೆದು ತೋರಿಸಿದರು. ಕ್ಲಿಪ್ಪು, ಅಯೋಡಿನ್ನು, ಸ್ಪಿರಿಟ್ಟು, ಎಲ್ಲವೂ ಹಳೆಯ ಪುಟಗಳಲ್ಲಿ ಬಿದ್ದುಹೋಗಿದ್ದವು. ತಪಾಸಣೆಯ ಮೇಡಂ ಕುರ್ಚಿ ಬಿಟ್ಟು ಬಂದು ಮಕ್ಕಳ ಬೆಂಚಿನ ತುದಿಯಲ್ಲಿ ಕೂತದ್ದನ್ನು ಆಗ ನೋಡಿದೆ.

ಎರಡು ಜಡೆಯ ಹುಡುಗಿಯೊಬ್ಬಳಿದ್ದಾಳೆ, ಅವಳ ಅಡ್ಡಹೆಸರು ವಕೀಲಿ. ಅವಳು ಎದ್ದು, “ಕಾಗದ ಸಿಕ್ಕಿಸೋ ಮೊದಲೇ ಎಲೆಯಲ್ಲಿ ಪಿಷ್ಟ ಇದ್ರೆ? ಗಿಡ ಎರಡು ದಿನ ಕತ್ತಲಲ್ಲೇ ಇತ್ತು ಅಂತ ಎಲ್ಲ ವರ್ಷದವರೂ ಬರೆದಿದ್ದಾರೆ. ಯಾರಾದ್ರೂ ನೋಡಿದ್ದೀವಾ?” ಅಂದಳು.

ಯಾರೂ ನೋಡಿರಲಿಲ್ಲ. ಬೀರುವಿನ ಬೀಗದ ಕೈ ಯಾರ ಸೊಂಟದಲ್ಲಿದೆ ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು. ನಲವತ್ತು ತಲೆ ಒಟ್ಟಿಗೆ ನನ್ನತ್ತ ತಿರುಗಿತು.

“ಕತ್ತಲಲ್ಲೇ ಇತ್ತು” ಎಂದೆ. “ಸ್ವಲ್ಪ ಹೊತ್ತು ಬಿಟ್ಟು.”

“ಸ್ವಲ್ಪ ಹೊತ್ತು ಅಂದ್ರೆ?” ಎಂದರು ಮೇಷ್ಟ್ರು.

“ಅಲ್ಲ ಮೇಷ್ಟ್ರೇ, ಜೀವ ಇರೋ ಗಿಡ ಅದು. ಪಾಪ, ಎರಡೆರಡು ದಿನ ಬೀರುವಲ್ಲಿ ಕೂಡಿಹಾಕೋಕೆ ಮನಸ್ಸು ಬರುತ್ತಾ? ಬೆಳಿಗ್ಗೆ ಬಂದ ತಕ್ಷಣ ತೆಗೆದು ಕಿಟಕಿ ಹತ್ತಿರ ಇಡ್ತೀನಿ. ನೀರು ಹಾಕ್ತೀನಿ. ನೀವು ಬರೋ ಹೊತ್ತಿಗೆ ಒಳಗಿಡ್ತೀನಿ.”

“ಇವತ್ತೂನಾ?”

“ಇವತ್ತು ಬೇಗ ಬಂದಿದ್ದೆ. ಎರಡು ಗಂಟೆ ಒಳ್ಳೆ ಬಿಸಿಲು ಸಿಕ್ತು ಅದಕ್ಕೆ.”

“ಎಷ್ಟು ವರ್ಷದಿಂದ ಹೀಗೆ?”

ನನಗೆ ಆಗಲೇ ಹೊಳೆದದ್ದು. ಹೇಳದೆ ವಿಧಿ ಇರಲಿಲ್ಲ. “ಹತ್ತೊಂಬತ್ತು.”

ಕ್ಲಾಸು ನಕ್ಕ ಸದ್ದಿಗೆ ಪಕ್ಕದ ಕೋಣೆಯಿಂದ ಗಣಿತದ ಮೇಡಂ ಇಣುಕಿ ಹೋದರು. ತಪಾಸಣೆಯ ಮೇಡಂ ಕೂಡ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಗದೇ ಇದ್ದವರು ಮೂವರು: ನಾನು, ಚೂಟಿ, ಮೇಷ್ಟ್ರು. ಮೇಷ್ಟ್ರು ಸ್ಟೂಲಿನ ಮೇಲೆ ಕೂತು, “ಹತ್ತೊಂಬತ್ತು ವರ್ಷ ಕಾಗದ ಬದಲಾಯಿಸಿದೆ, ಇವರೇ” ಎಂದಷ್ಟೇ ಹೇಳಿದರು. ಬೈದಿದ್ದರೆ ವಾಸಿಯಿತ್ತು.

ತಪಾಸಣೆಯ ಮೇಡಂ ಆ ದಿನ ಮಧ್ಯಾಹ್ನವೆಲ್ಲ ಠುಸ್ ಪುಸ್ತಕ ಓದುತ್ತ ಕೂತರು. ಆಗಾಗ ಒಂದೊಂದು ಪುಟಕ್ಕೆ ನಿಂತು ಏನೋ ಗೀಚಿಕೊಂಡರು. ಹೋಗುವಾಗ ಒಳ್ಳೆಯದು ಕೆಟ್ಟದ್ದು ಎರಡೂ ಹೇಳಲಿಲ್ಲ. “ಇಲಾಖೆಯಿಂದ ಕಾಗದ ಬರುತ್ತೆ” ಎಂದು ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು.

ಸಂಜೆ ಮನೆಗೆ ಹೋಗುವಾಗ ಚೂಟಿ ನನ್ನಿಂದ ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದಳು. ಚಪ್ಪಲಿ ಅಂಗಡಿಯ ತಿರುವಿನ ತನಕ ಸಹಿಸಿಕೊಂಡೆ. ಆಮೇಲೆ ನಾನೇ ಕೇಳಿದೆ. “ಅದು ನನ್ನ ಮುಲಾಮು ಅಂತ ನಿನಗೆ ಗೊತ್ತಾಯ್ತು ತಾನೇ?”

“ಗೊತ್ತಾಯ್ತು.”

“ಬಾಯಿ ಮುಚ್ಚಿಕೊಂಡಿದ್ರೆ ನಿನ್ನ ಓದು ಇಲ್ಲೇ ಆಗ್ತಿತ್ತು. ಅದೂ ಗೊತ್ತಿತ್ತು ತಾನೇ?”

ಅವಳು ನಿಂತು ತಿರುಗಿದಳು. ಅತ್ತಿದ್ದಳು. “ಅದಕ್ಕೇ ಸ್ವಲ್ಪ ಹೊತ್ತು ಸುಮ್ಮನಿದ್ದೆ. ಅಷ್ಟು ಹೊತ್ತು ಸುಮ್ಮನಿದ್ದದ್ದಕ್ಕೇ ನನಗೆ ನಾಚಿಕೆ ಆಗ್ತಿದೆ. ಸುಳ್ಳು ಎಲೆ ತೋರಿಸಿ ಸೈನ್ಸ್ ಸೇರೋಕೆ ನನಗೆ ಇಷ್ಟ ಇಲ್ಲಮ್ಮ.”

ಹದಿನೈದು ವರ್ಷದ ಕೂಸು ನಡುರಸ್ತೆಯಲ್ಲಿ ನಿಂತು ನನಗೆ ಬುದ್ಧಿ ಹೇಳುತ್ತಿತ್ತು. ಸಿಟ್ಟು ಬರಬೇಕಿತ್ತು. ಬಂದದ್ದು ಹೆಮ್ಮೆ, ಅದರ ಜೊತೆ ಭಯ. ಇವಳಿಗೆ ಸರಿಯಾದ ಓದು ಸಿಗದೆ ಹೋದರೆ ಆ ಪಾಪ ನನ್ನ ತಲೆಗೇ ಸುತ್ತಿಕೊಳ್ಳುತ್ತದೆ ಎಂಬ ಭಯ.

ಮೇಷ್ಟ್ರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಬೇಕಾದ್ದನ್ನು ಚೀಟಿಯಲ್ಲಿ ಬರೆದು ಸಿಂಕಿನ ಪಕ್ಕ ಇಡುತ್ತಿದ್ದರು. ಬೀರುವಿನ ಬೀಗದ ಕೈಯನ್ನು ಇಸಿದುಕೊಂಡು ಎರಡು ಜಡೆಯ ವಕೀಲಿಯ ಕೈಗೆ ಕೊಟ್ಟರು. ಆ ಎರಡು ದಿನವೂ ಗಿಡವನ್ನು ನೆನೆದು ನನಗೆ ಸಂಕಟವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಮೂರನೆಯ ದಿನ ಅದೇ ಪ್ರಯೋಗ ಮತ್ತೆ ನಡೆಯಿತು. ವಕೀಲಿಯೇ ಮಾಡಿದಳು, ಮೇಷ್ಟ್ರು ಕೈಕಟ್ಟಿ ನಿಂತರು, ನನ್ನನ್ನು ಬಾಗಿಲ ಆಚೆ ನಿಲ್ಲಿಸಿದರು. ಎಲೆ ಎರಡು ಕಡೆ ಕಡುನೀಲಿಯಾಯಿತು. ನಡುವಿನ ಪಟ್ಟಿ ಕಂದಾಗಿ ನಿಂತಿತು. ಮಕ್ಕಳು ತಿರುಗಿಸಿ ನೋಡಿದರು, ಉಜ್ಜಿ ನೋಡಿದರು, ಮೂಸಿ ನೋಡಿದರು. ಹದಿನೈದು ನಿಮಿಷವಾದರೂ ಪಟ್ಟಿ ಬಣ್ಣ ಬದಲಾಯಿಸಲಿಲ್ಲ.

ಕ್ಲಾಸು ಖಾಲಿಯಾದ ಮೇಲೆ ನಾನು ಒಳಗೆ ಹೋಗಿ, “ತಪ್ಪಾಯ್ತು ಮೇಷ್ಟ್ರೇ. ನಿಮಗೆ ಆ ಹೆಸರು ಗಟ್ಟಿಯಾಗಿದ್ದರಲ್ಲಿ ನನ್ನ ಪಾಲೂ ಇದೆ” ಅಂದೆ.

ಅವರು ಎಲೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. “ಸಿಟ್ಟು ಬಂದಿತ್ತು” ಅಂದರು. “ನಿಮ್ಮ ಮೇಲಲ್ಲ. ಪ್ರತಿ ವರ್ಷ ಎಲ್ಲವನ್ನೂ ಪ್ರಶ್ನೆ ಮಾಡಿಸಿದೆ, ನಿಮ್ಮನ್ನ ಮಾತ್ರ ಒಂದು ಮಾತು ಕೇಳಲಿಲ್ಲ. ಎಂಥಾ ಮೇಷ್ಟ್ರು ನಾನು?” ಎಲೆಯನ್ನು ಟೈಲ್ ಮೇಲಿಟ್ಟು, “ಹಸಿರು ಸ್ಪಿರಿಟ್ಟು ಹಾಗೇ ಇದೆ, ಬೀಕರು ತೊಳೀತೀರಾ?” ಎಂದು ಕೇಳಿದರು. ಅಷ್ಟು ಸಂತೋಷದಿಂದ ನಾನು ಯಾವತ್ತೂ ಬೀಕರು ತೊಳೆದಿಲ್ಲ.

ಕಾಗದ ಬರಲು ಒಂದು ತಿಂಗಳು ಹಿಡಿಯಿತು. ಆ ತಿಂಗಳು ನಾನು ಅಂಚೆಯವನನ್ನು ಕಂಡರೆ ಸಾಕು, ಕೈಯಲ್ಲಿದ್ದದ್ದನ್ನು ಬಿಟ್ಟು ಗೇಟಿಗೆ ಓಡುತ್ತಿದ್ದೆ. ಚೂಟಿ ಕೇಳುವುದನ್ನೇ ಬಿಟ್ಟಿದ್ದಳು. ಒಂದು ಬೆಳಿಗ್ಗೆ ದೊಡ್ಡ ಮೇಡಂ ತಾವೇ ಲಕೋಟೆ ಹಿಡಿದು ಪ್ರಯೋಗಾಲಯಕ್ಕೆ ಬಂದರು. ತೆರೆಯಲು ಧೈರ್ಯವಾಗಲಿಲ್ಲವಂತೆ. ಮೇಷ್ಟ್ರು ತೆರೆದು ಓದಿದರು, ಇನ್ನೊಮ್ಮೆ ಓದಿದರು, ನನ್ನ ಕೈಗೆ ಕೊಟ್ಟರು.

ಮುಂದಿನ ವರ್ಷದಿಂದ ವಿಜ್ಞಾನ ವಿಭಾಗ ತೆರೆಯಲು ಒಪ್ಪಿಗೆ ನೀಡಲಾಗಿದೆ, ಅಂತ ಮೊದಲ ಸಾಲಿನಲ್ಲೇ ಇತ್ತು. ತಪ್ಪಿನ ಕಾರಣವನ್ನು ಅಧಿಕಾರಿಯ ಎದುರಿಗೇ ಅಂಜದೆ ಹುಡುಕುವ ಮಕ್ಕಳನ್ನು ತಮ್ಮ ಮೂವತ್ತನಾಲ್ಕು ವರ್ಷದ ನೌಕರಿಯಲ್ಲಿ ಕಂಡಿಲ್ಲ ಎಂದು ತಪಾಸಣೆಯ ಮೇಡಂ ಬರೆದಿದ್ದರು. ಕೊನೆಗೊಂದು ಷರತ್ತು: ಪ್ರಯೋಗದ ಸಸ್ಯಗಳನ್ನು ಪ್ರಯೋಗಾಲಯದ ಸಹಾಯಕಿ ಮುಟ್ಟತಕ್ಕದ್ದಲ್ಲ. ದೊಡ್ಡ ಮೇಡಂ ಅದನ್ನು ಎರಡು ಸಲ ಗಟ್ಟಿಯಾಗಿ ಓದಿಸಿಕೊಂಡರು.

“ನೀವೇ ಹೋಗಿ ಮಗಳಿಗೆ ಹೇಳಿ” ಅಂದರು ಮೇಷ್ಟ್ರು.

ಹತ್ತನೇ ಕ್ಲಾಸಿನಲ್ಲಿ ಗಣಿತ ನಡೆಯುತ್ತಿತ್ತು. ನಾನು ಬಾಗಿಲಲ್ಲಿ ನಿಂತೆ. ಕೈಯಲ್ಲಿ ಕಾಗದ, ಕಣ್ಣಲ್ಲಿ ಧಾರಾಕಾರ ನೀರು, ಬಾಯಿಂದ ಒಂದಕ್ಷರ ಹೊರಡಲಿಲ್ಲ. ಚೂಟಿ ನನ್ನನ್ನು ನೋಡಿದಳು. ಅವಳ ಮುಖ ಬಿಳಿಚಿತು. ಎದ್ದು ನಿಂತಳು.

“ಪರವಾಗಿಲ್ಲಮ್ಮ, ಅಳಬೇಡ” ಅಂದಳು, ಇಡೀ ಕ್ಲಾಸಿನ ಎದುರಿಗೆ. “ನಾನು ಆವತ್ತೇ ಯೋಚನೆ ಮಾಡಿ ಇಟ್ಟಿದ್ದೀನಿ. ಎರಡು ಬಸ್ಸು ತಾನೇ? ಹೋಗ್ತೀನಿ. ಅಪ್ಪನ್ನ ನಾನು ಒಪ್ಪಿಸ್ತೀನಿ. ನಿನ್ನಿಂದ ಏನೂ ಕೆಟ್ಟಿಲ್ಲ.”

ಒಂದು ತಿಂಗಳು ಅದನ್ನು ಒಬ್ಬಳೇ ಹೊತ್ತು ತಿರುಗಿದ್ದಳು ನನ್ನ ಮಗಳು. ನಾನು ಬೆಂಚುಗಳ ನಡುವೆ ದಾರಿ ಮಾಡಿಕೊಂಡು ಹೋಗಿ ಅವಳನ್ನು ಅಪ್ಪಿಕೊಂಡೆ. “ಬಸ್ಸೂ ಬೇಡ ಗಿಸ್ಸೂ ಬೇಡ ಕಣೇ! ಇಲ್ಲೇ! ಇಲ್ಲೇ ಓದ್ತೀಯಾ!” ಎಂದು ಕೂಗಿದೆ. ಅವಳು ಕಾಗದ ಕಿತ್ತುಕೊಂಡು ಮೊದಲ ಸಾಲು ಓದಿದಳು. ಓದಿ ನನ್ನ ಹೆಗಲಿಗೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಕ್ಲಾಸಿನ ಮಕ್ಕಳೆಲ್ಲ ಬೆಂಚು ಬಡಿಯತೊಡಗಿದರು, ವಕೀಲಿ ಬೆಂಚಿನ ಮೇಲೇ ಹತ್ತಿ ನಿಂತಳು. ಗಣಿತದ ಮೇಡಂ ಸ್ವಲ್ಪ ಹೊತ್ತು ಕಾದರು, ತಾವೂ ಕಣ್ಣು ಒರೆಸಿಕೊಂಡರು, ಆಮೇಲೆ ಮೇಜಿಗೆ ಡಸ್ಟರ್ ಕುಟ್ಟಿ, “ಲ್ಯಾಬಮ್ಮ, ಸಂತೋಷ. ಇನ್ನು ಹೊರಡಿ, ನನಗೆ ಈ ಲೆಕ್ಕ ಮುಗಿಸಬೇಕು” ಅಂದರು.